ಸೊಂಟದ ಬಾಕು, ಸೂರಪ್ಪಯ್ಯನ ಮೀಸೆ

ಹೊಂಬಾಳೆಪುರದ ಆಸ್ಥಾನದಲ್ಲಿದ್ದ ವಿದೂಷಕ ಸೂರಪ್ಪಯ್ಯನ ಮೀಸೆಯೆಂದರೆ ಸಾಮಾನ್ಯದ್ದಲ್ಲ. ಎಡತುದಿಗೊಂದು, ಬಲತುದಿಗೊಂದು ಗಿಳಿ ಕೂತು ಜೋಕಾಲಿಯಾಡುತ್ತಿದ್ದವು. ನಂಬದವರು ಆ ಗಿಳಿಗಳನ್ನೇ ಕೇಳಿಕೊಳ್ಳಲಿ. ಅಂಥ ಮೀಸೆಗೂ ಒಂದು ದಿನ ಗಂಡಾಂತರ ಬಂತು.

ತಂದವನು ಕೊತ್ವಾಲ ಬಿಲ್ಲಪ್ಪನಾಯಕ. ಯುಗಾದಿಯಂದು ಅವನ ಮಾತು ಕೇಳಿ ಅರಸ ಡಂಗುರ ಹೊಡೆಸಿದ್ದ: ಊರಿನವರೆಲ್ಲ ಸೊಂಟದಲ್ಲಿ ಬಾಕು ಬಚ್ಚಿಟ್ಟುಕೊಂಡು ಓಡಾಡಬಹುದು. ಈಗ ಆರು ತಿಂಗಳಾಗಿತ್ತು.

"ಪ್ರಭು, ಕಳ್ಳತನ ಅರ್ಧಕ್ಕರ್ಧ ಇಳಿದಿದೆ! ಯಾರ ಸೊಂಟದಲ್ಲಿ ಏನಿದೆಯೋ ಅಂತ ಕಳ್ಳರು ನಡುಗುತ್ತಿದ್ದಾರೆ. ಎಲ್ಲ ಆ ಬಾಕಿನ ಮಹಿಮೆ!" ಎಂದ ಕೊತ್ವಾಲ, ಎದೆಯುಬ್ಬಿಸಿ.

"ಯುಗಾದಿಯಿಂದ ನನ್ನ ಮೀಸೆಯೂ ನಾಲ್ಕು ಬೆರಳು ಬೆಳೆದಿದೆ. ಇದನ್ನು ನೋಡಿಯೇ ಹೆದರಿರಬೇಕು," ಎಂದ ಸೂರಪ್ಪಯ್ಯ.

ಸಭೆಯೆಲ್ಲ ನಕ್ಕಿತು. ಕೊತ್ವಾಲನ ಮುಖ ಕೆಂಪಾಯಿತು. "ಆಜ್ಞೆಯನ್ನೇ ಅಣಕಿಸುತ್ತಾನಲ್ಲ, ಬಾಕಿನಿಂದ ಏನು ಕೆಡುಕಾಗಿದೆ ಅಂತ ಈತ ಇಲ್ಲೇ, ಈಗಲೇ ತೋರಿಸಲಿ. ಇಲ್ಲದಿದ್ದರೆ ಆ ಮೀಸೆ ಬೋಳಿಸಿ ಪ್ರಭು!"

"ಹಾಗೇ ಆಗಲಿ," ಎಂದ ಅರಸ.

ಕ್ಷೌರಿಕ ಬಂದು ಕೂತು ಕತ್ತಿ ಮಸೆಯತೊಡಗಿದ. ಆ ಸರಸರ ಸದ್ದಿಗೆ ಗಿಳಿಗಳೆರಡೂ ಹಾರಿ ತೊಲೆಯ ಮೇಲೆ ಕೂತವು.

ಸೂರಪ್ಪಯ್ಯ ಮೀಸೆ ಸವರಿಕೊಂಡ. "ಪ್ರಭು, ಊರು ಕಾಪಾಡಿದವರನ್ನು ಅರಸರು ಅಪ್ಪಿಕೊಂಡು ಸನ್ಮಾನಿಸುವುದು ನಮ್ಮ ಆಸ್ಥಾನದ ಪದ್ಧತಿ. ಮೊದಲು ಕೊತ್ವಾಲರಿಗೆ ಅದು ಆಗಿಬಿಡಲಿ. ಮೀಸೆ ಎಲ್ಲಿಗೆ ಓಡುತ್ತೆ?"

ಅರಸ ತೋಳು ಚಾಚಿಕೊಂಡು ಸಿಂಹಾಸನದಿಂದ ಇಳಿದು ಬಂದ. ಇನ್ನೇನು ಎದೆಗೆ ಎದೆ ತಾಗಬೇಕು.

"ಅವರ ಸೊಂಟ ಜೋಪಾನ, ಪ್ರಭು," ಎಂದ ಸೂರಪ್ಪಯ್ಯ, ಮೆಲ್ಲಗೆ.

ಅರಸ ಥಟ್ಟನೆ ಮೂರು ಹೆಜ್ಜೆ ಹಿಂದಕ್ಕೆ ಸರಿದ!

"ಅಯ್ಯೋ, ದೇವರಾಣೆ, ನನ್ನ ಹತ್ತಿರ ಬಾಕೇ ಇಲ್ಲ ಪ್ರಭು!" ಕೊತ್ವಾಲ ಗಡಿಬಿಡಿಯಲ್ಲಿ ನಡುಕಟ್ಟು ಬಿಚ್ಚಿ ಕೊಡವಿದ. "ಮಕ್ಕಳಿರೋ ಮನೆ ಅಂತ ನನ್ನ ಹೆಂಡತಿ ಅದನ್ನ ಹೊಸಿಲು ದಾಟಿಸೋಕೇ ಬಿಡಲ್ಲ!"

ಕತ್ತಿ ಮಸೆಯುವ ಸದ್ದು ನಿಂತಿತು.

"ಕಳ್ಳರು ಯಾಕೆ ಕಡಿಮೆಯಾದರೋ, ಅವರನ್ನೇ ಕೇಳಬೇಕು," ಎಂದ ಸೂರಪ್ಪಯ್ಯ. "ಆದರೆ ಇಪ್ಪತ್ತು ವರ್ಷ ಜೊತೆಗಿದ್ದವರನ್ನು ಅಪ್ಪಿಕೊಳ್ಳಲು ತಾವೇ ಹೆದರಿದ್ದನ್ನು ಸಭೆ ಕಣ್ಣಾರೆ ಕಂಡಿತು. ಊರಲ್ಲಿ ಬೀಗರು ಬೀಗರನ್ನು ಅಪ್ಪಿಕೊಂಡೂ ಆರು ತಿಂಗಳಾಯಿತು ಪ್ರಭು."

ಅರಸ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಕಿನ ಆಜ್ಞೆ ನಿಂತ ನಿಲುವಿನಲ್ಲೇ ರದ್ದಾಯಿತು. "ಮೀಸೆ ಉಳಿಸಿಕೊಂಡೆ ಕಣಯ್ಯಾ! ಬಾ, ನಿನ್ನನ್ನಾದರೂ ಅಪ್ಪಿಕೊಳ್ಳುತ್ತೇನೆ."

ಈಗ ಸೂರಪ್ಪಯ್ಯ ಮೂರು ಹೆಜ್ಜೆ ಹಿಂದಕ್ಕೆ ಸರಿದ. "ಕ್ಷಮಿಸಬೇಕು ಪ್ರಭು. ಮೊದಲು ತಮ್ಮ ಸೊಂಟ."

ಅರಸ ಅತ್ತಿತ್ತ ನೋಡಿದ. ಆಮೇಲೆ ನಡುಕಟ್ಟಿನಿಂದ ಒಂದಲ್ಲ, ಎರಡು ಬಾಕು ತೆಗೆದು ಮೆಲ್ಲಗೆ ಕ್ಷೌರಿಕನ ಪೆಟ್ಟಿಗೆಗೆ ಹಾಕಿದ.

ಗಿಳಿಗಳು ಮೀಸೆಗೆ ವಾಪಸಾದವು.