ರಾಣಿಯ ಕಾರು ಸ್ಟಾರ್ಟಾಗದ ಮುಂಜಾವು

“ಮಂಜಿನಬೆಟ್ಟದ ಪ್ರಜೆಗಳು ಕೇಳಬೇಕು. ತೀರಿಹೋದ ಮಹಾರಾಣಿಯವರ ಕಾರಿನ ವಿಷಯವಾಗಿ ರಾಜಕುಮಾರಿ ಚಂದ್ರಾವಳಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರು ಬೇಡಿದ್ದು ಸಿಗುತ್ತದೆ, ರಾಜಕುಮಾರಿಯನ್ನೇ ಮದುವೆಗೆ ಕೇಳಿದರೂ ಸರಿ. ತಪ್ಪು ಹೇಳಿದವರಿಗೆ ಬರುವ ಅಮಾವಾಸ್ಯೆಯಂದು ಗಲ್ಲು.”

ಹೀಗೆ ಡಂಗುರ ಸಾರಿದರು. ಕಾರಿಗಾಗಿ ಗಲ್ಲು ಯಾಕೆ ಎಂದು ನೀವು ಕೇಳಬಹುದು, ಅದನ್ನು ಮೊದಲು ಹೇಳಿಬಿಡುತ್ತೇನೆ. ಚಂದ್ರಾವಳಿ ಚಿಕ್ಕವಳಿದ್ದಾಗ, ಆಯುಧಪೂಜೆಯ ಮರುದಿನ ನಸುಕಿನಲ್ಲಿ ರಾಣಿಗೆ ಎದೆನೋವು ಬಂತು. ವೈದ್ಯರಿದ್ದದ್ದು ಬೆಟ್ಟದ ಕೆಳಗೆ. ಡ್ರೈವರ್ ಮುದ್ದಯ್ಯ ಎಷ್ಟು ಪ್ರಯತ್ನಿಸಿದರೂ ಕಾರು ಸ್ಟಾರ್ಟಾಗಲಿಲ್ಲ. ರಾಣಿ ಹಿಂದಿನ ಸೀಟಿನಲ್ಲಿ, ಮಗಳ ತೊಡೆಯ ಮೇಲೆ ಪ್ರಾಣ ಬಿಟ್ಟಳು. ಮಧ್ಯಾಹ್ನ ಬಿಸಿಲೇರಿದ ಮೇಲೆ ಯಾರೋ ಕೀಲಿ ತಿರುಗಿಸಿದರೆ ಅದೇ ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು. ಮುದ್ದಯ್ಯ ಬೇಕೆಂದೇ ತಡಮಾಡಿದ ಎಂದು ಎಲ್ಲರೂ ನಂಬಿದರು. ರಾಜ ಅವನನ್ನು ಗಡಿಪಾರು ಮಾಡಿದ. ಅವನು ಪರನಾಡಿನ ಛತ್ರದ ಜಗಲಿಯಲ್ಲಿ ಸತ್ತ.

ಆದರೆ ಚಂದ್ರಾವಳಿ ಇಂಜಿನ್ನಿನ ಪಾಠ ಕಲಿತದ್ದೇ ಮುದ್ದಯ್ಯನ ಮಡಿಲಲ್ಲಿ. ಅವನು ಕೆಟ್ಟವನೆಂದು ನಂಬಲೂ ಆಗದೆ, ಬಿಡಲೂ ಆಗದೆ ಅವಳು ಬೆಳೆದಳು. ಅದಕ್ಕೇ ಈ ಒಗಟುಗಳು.

ಮೊದಲು ಬಂದವನು ನೆರೆರಾಜ್ಯದ ರಾಜಕುಮಾರ. ಅವಳು ಕೇಳಿದಳು: “ಚಳಿಯಲ್ಲಿ ಬಾಯಿ ಮುಚ್ಚುತ್ತದೆ, ಬಿಸಿಯಾದಂತೆ ತಾನಾಗಿ ತೆರೆಯುತ್ತದೆ. ಅದು ಬಾಯಿ ಮುಚ್ಚಿದ್ದರೇ ಮನೆಯವರಿಗೆ ಎಚ್ಚರ. ಏನದು?” ಅವನು ನಗುತ್ತಾ ತಾವರೆ ಎಂದ. ಕಾವಲಿನವರು ಅವನನ್ನು ಸೆರೆಗೆ ಒಯ್ದರು.

ಸೇನಾಪತಿಯ ಮಗ ಮೊದಲನೆಯದನ್ನು ಹೇಗೋ ಬಿಡಿಸಿದ. ಎರಡನೆಯದು ಹೀಗಿತ್ತು: “ಬೆನ್ನಿಗೆ ಬೆನ್ನು ಅಂಟಿದ ಅಕ್ಕತಂಗಿಯರು ಸುರುಳಿ ಸುತ್ತಿ ಮಲಗಿದ್ದಾರೆ. ಬಿಸಿ ತಾಗಿದರೆ ಒಬ್ಬಳು ಹೆಚ್ಚು ಮೈಚಾಚುತ್ತಾಳೆ, ಇನ್ನೊಬ್ಬಳು ಕಡಿಮೆ. ಯಾರು ಅವರು?” ಅವನು ಹಾವುಗಳೆಂದ. ಅವನೂ ಸೆರೆಗೆ ಹೋದ.

ಆಮೇಲೆ ಬಂದವನು ಕಾಳಿಂಗ, ಮುದ್ದಯ್ಯನ ಮಗ. ಛತ್ರದಲ್ಲಿ ನೀರು ಕಾಯಿಸುವುದು ಅವನ ಕೆಲಸ. ಅಪ್ಪನ ಹೆಸರಿಗೆ ಹತ್ತಿದ ಕಳಂಕ ತೊಳೆಯುವುದೊಂದೇ ಅವನ ಆಸೆ. ಕಾವಲಿನವನು, “ಅಪ್ಪನಿಗಾದದ್ದು ಸಾಲದೇನೋ?” ಎಂದು ಹಂಗಿಸಿದ. ಕಾಳಿಂಗ ತಲೆ ಬಗ್ಗಿಸಿ ಒಳಗೆ ನಡೆದ.

ಮೊದಲನೆಯದು ಚೋಕಿನ ಬಾಗಿಲು ಎಂದ ಅವನು. ಅದು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಬಾಯಲ್ಲಿರುವ ತೆಳು ತಗಡು. ಇಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ಗಾಳಿಯನ್ನು ತಡೆಯುತ್ತದೆ. ಗಾಳಿ ಕಡಿಮೆಯಾದರೆ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಚಳಿಯಲ್ಲಿ ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ ಸ್ಟಾರ್ಟಾಗಲು ಅಷ್ಟು ಬೇಕು. ಎರಡನೆಯದು ಆ ಬಾಗಿಲನ್ನು ಆಡಿಸುವ ಸುರುಳಿ. ಎರಡು ಬೇರೆ ಲೋಹದ ಪಟ್ಟಿಗಳನ್ನು ಬೆಸೆದು ಸುತ್ತಿರುತ್ತಾರೆ. ಬಿಸಿಗೆ ಒಂದು ಹೆಚ್ಚು ಹಿಗ್ಗಿ, ಸುರುಳಿ ತಿರುಗಿ, ಬಾಗಿಲು ತೆರೆಯುತ್ತದೆ. ಯಾರೂ ಕೈ ಹಾಕಬೇಕಾಗಿಲ್ಲ.

ಚಂದ್ರಾವಳಿಯ ದನಿ ಸಣ್ಣದಾಯಿತು. “ಮೂರನೆಯದಕ್ಕೆ ಉತ್ತರ ನನಗೂ ಗೊತ್ತಿಲ್ಲ. ಹೊಸ ಪೆಟ್ರೋಲು, ಹೊಸ ಬ್ಯಾಟರಿ ಹಾಕಿಸಿದ್ದೇನೆ. ಕಾರ್ಬುರೇಟರ್ ತೆರೆದು ನೋಡುವ ಧೈರ್ಯ ಮಾತ್ರ ಆಗಲಿಲ್ಲ. ಚಳಿಗೆ ಈ ಕಾರು ಸತ್ತಂತಿರುತ್ತದೆ, ಬಿಸಿಲಿಗೆ ಬದುಕುತ್ತದೆ. ಯಾಕೆ?”

ಮರುದಿನ ಮುಂಜಾನೆ, ಮಂಜು ಕರಗುವ ಮೊದಲೇ, ಇಬ್ಬರೂ ಕಾರಿನ ಬಳಿಗೆ ಹೋದರು. ಕಾಳಿಂಗ ಅಪ್ಪ ಹೇಳಿಕೊಟ್ಟಂತೆ ಆಕ್ಸಿಲರೇಟರ್ ಪೆಡಲನ್ನು ಒಮ್ಮೆ ಪೂರ್ತಿ ಒತ್ತಿ ಬಿಟ್ಟ. ಹಾಗೆ ಮಾಡಿದರೆ ಚೋಕು ಮುಚ್ಚಬೇಕು. ಗಾಳಿ ಸೋಸುವ ಡಬ್ಬಿ ಬಿಚ್ಚಿ ನೋಡಿದರೆ ಬಾಗಿಲು ತೆರೆದೇ ಇತ್ತು. ಹಾಗಿದ್ದರೆ ಚಳಿಗೆ ಕಾರು ಸ್ಟಾರ್ಟಾಗುವುದಿಲ್ಲ; ಬಿಸಿಲೇರಿದ ಮೇಲೆ ಚೋಕಿನ ಅಗತ್ಯವೇ ಇರುವುದಿಲ್ಲ. ಬಾಗಿಲಿನ ಕೀಲಿನ ಸುತ್ತ ಒಣಗಿ ಕಲ್ಲಾದ ಗಂಧ. ಆ ಅರಮನೆಯಲ್ಲಿ ಪೂಜೆಯ ಗಂಧ ಉದುರದಿರಲಿ ಎಂದು ಬೆಲ್ಲದ ಪಾಕ ಬೆರೆಸುವ ಪದ್ಧತಿಯಿತ್ತು. ಆಯುಧಪೂಜೆಯ ಮೆರವಣಿಗೆ ಮುಗಿಸಿ ಬಂದ ಕಾರು ಬಿಸಿಯಾಗಿದ್ದಾಗ, ಬಾಗಿಲು ತೆರೆದಿದ್ದಾಗ, ಯಾರೋ ಅದನ್ನು ಬಳಿದಿದ್ದರು. ಗಂಧದಲ್ಲಿ ಪುಟ್ಟ ಬೆರಳಿನ ಗುರುತಿತ್ತು. ಪಕ್ಕದಲ್ಲೇ ದೊಡ್ಡ ಉಗುರಿನಿಂದ ಕೆರೆದು ನೋಡಿ, ಅಷ್ಟಕ್ಕೇ ನಿಲ್ಲಿಸಿದ ಗೀರು.

ಕಾಳಿಂಗನಿಗೆ ಅರ್ಥವಾಯಿತು. ಆ ದಿನದ ಬಗ್ಗೆ ಕೇಳಿದಾಗಲೆಲ್ಲ ಅಪ್ಪ, “ಆ ಮಗು ಹೇಗಿದೆಯೋ,” ಎಂದಷ್ಟೇ ಹೇಳುತ್ತಿದ್ದ. ರಾಣಿ ತೀರಿಹೋದ ಮೇಲೆ ಅಪ್ಪ ಇದನ್ನು ನೋಡಿದ್ದ. ನೋಡಿ, ಡಬ್ಬಿ ಮುಚ್ಚಿ, ಗಡಿ ದಾಟಿದ್ದ.

“ಕಸ ಸಿಕ್ಕಿಕೊಂಡಿದೆ, ಅಮ್ಮಣ್ಣಿ,” ಎಂದು ಕಾಳಿಂಗ ಬಟ್ಟೆ ತೆಗೆದ.

ಅವಳು ಅವನ ಕೈ ತಡೆದು ಬಗ್ಗಿ ನೋಡಿದಳು. ತನ್ನ ಬೆರಳನ್ನು ಆ ಗುರುತಿನ ಮೇಲಿಟ್ಟಳು. ಈಗ ಬೆರಳು ದೊಡ್ಡದಾಗಿತ್ತು.

“ಪೂಜೆಗೆ ಡಬ್ಬಿ ಬಿಚ್ಚಿಟ್ಟು ಎಲ್ಲದಕ್ಕೂ ಗಂಧ ಹಚ್ಚಿದ್ದರು, ಇದರ ಬಾಯಿಗೆ ಮಾತ್ರ ಇರಲಿಲ್ಲ,” ಎಂದಳು. ಪಕ್ಕದ ಗೀರನ್ನು ಮುಟ್ಟಿ, “ಮುದ್ದಯ್ಯನಿಗೆ ಗೊತ್ತಿತ್ತಾ?” ಎಂದು ಕೇಳಿದಳು.

“ಗೊತ್ತಿತ್ತು. ತಾವು ಹೇಗಿದ್ದೀರೆಂದು ಕೇಳುತ್ತಲೇ ಇದ್ದ.”

ಕಾಳಿಂಗ ಒದ್ದೆ ಬಟ್ಟೆಯಿಂದ ಗಂಧ ನೆನೆಸಿ ತೊಳೆದ. ಬಾಗಿಲು ಸಣ್ಣಗೆ ಸದ್ದು ಮಾಡಿ ಮುಚ್ಚಿಕೊಂಡಿತು. ಆ ಚಳಿಯಲ್ಲೇ ಕಾರು ಒಂದೇ ಸಲಕ್ಕೆ ಸ್ಟಾರ್ಟಾಯಿತು. ಹಿಂದಿನ ಸೀಟಿನಲ್ಲಿ ಕುಳಿತ ಚಂದ್ರಾವಳಿ ಖಾಲಿ ತೊಡೆಯನ್ನು ಸವರುತ್ತಾ ಅತ್ತಳು.

ಏನು ಬೇಕು ಎಂದು ರಾಜ ಕೇಳಿದಾಗ ಕಾಳಿಂಗ ಮದುವೆಯ ಮಾತೆತ್ತಲಿಲ್ಲ. ಸೆರೆಯಲ್ಲಿದ್ದವರನ್ನು ಬಿಡಿ, ನನ್ನಪ್ಪ ತಪ್ಪು ಮಾಡಲಿಲ್ಲ ಎಂದು ಸಾರಿಸಿ, ಯಾರ ತಪ್ಪು ಎಂಬುದು ಬೇಡ ಎಂದ. ರಾಜ ಒಪ್ಪಿದ.

ಸಂಜೆ ಡಂಗುರ ಬಿತ್ತು. ಸಾರಬೇಕಾದ ಮಾತುಗಳನ್ನು ರಾಜಕುಮಾರಿ ತಾನೇ ಹೇಳಿಕೊಟ್ಟಿದ್ದಳು.

“ಮಂಜಿನಬೆಟ್ಟದ ಪ್ರಜೆಗಳು ಕೇಳಬೇಕು. ಡ್ರೈವರ್ ಮುದ್ದಯ್ಯ ನಿರಪರಾಧಿ. ಮಹಾರಾಣಿಯವರ ಕಾರಿಗೆ ಗಂಧ ಮೆತ್ತಿದವಳು ಅವರ ಮಗಳು ಚಂದ್ರಾವಳಿ. ಅದನ್ನು ತಿಳಿದೂ ಮುದ್ದಯ್ಯ ಬಾಯಿ ಬಿಡಲಿಲ್ಲ.”