ಕಿವಿಯಲ್ಲಿ ಹೇಳಿದ ಸಾಲು

ಹೊಳೆಯ ದಂಡೆಯ ಆಶ್ರಮದಲ್ಲಿ ನಿರ್ವಾಣಯ್ಯನವರು ಬೆಳಗ್ಗೆ ವಚನ ಹೇಳಿಕೊಡುತ್ತಿದ್ದರು, ಮಧ್ಯಾಹ್ನ ಕಂಪ್ಯೂಟರು. ಎರಡಕ್ಕೂ ಹಾಸುತ್ತಿದ್ದದ್ದು ಒಂದೇ ಚಾಪೆ.

ಮೊದಲು ಅವರು ಊರೂರು ತಿರುಗಿ ಗಣಿತ ಕಲಿಸಿದ ಮೇಷ್ಟ್ರು. ಈಗ ಹೊಸ ಯಂತ್ರಗಳ ಬಗ್ಗೆ ಯಾರಾದರೂ ಕೇಳಿದರೆ, ದೇವರ ಬಗ್ಗೆ ಕೇಳಿದಷ್ಟೇ ಸಮಾಧಾನದಿಂದ ಉತ್ತರ ಹೇಳುತ್ತಿದ್ದರು.

ಅವರ ಶಿಷ್ಯ ಬಸವಂತ. ಮೀಸೆ ದಟ್ಟವಾಗಿದ್ದರೂ ಕಣ್ಣು ಇನ್ನೂ ಏನನ್ನೋ ಹುಡುಕುವ ಮಗುವಿನದು.

ಒಂದು ಮಧ್ಯಾಹ್ನ ಅವನು ಕೇಳಿದ: "ಗುರುಗಳೇ, ಕೃತಕ ಬುದ್ಧಿಮತ್ತೆ ಅಂದರೆ ಏನು?"

"ಹಸಿದ ಮಗು..." ಎಂದು ಗುರುಗಳು ಅರ್ಧಕ್ಕೆ ನಿಲ್ಲಿಸಿದರು.

"ಅತ್ತಿತು," ಎಂದರು ಚಾಪೆಯ ಮೇಲಿದ್ದವರೆಲ್ಲ.

"ಯಾವ ಮಗು? ನೀವು ನೋಡಿದಿರಾ?"

"ಇಲ್ಲ."

"ಆದರೂ ಹೇಳಿದಿರಿ. ಯಂತ್ರವೂ ಹಾಗೆಯೇ. ಲೋಕದ ಮಾತೆಲ್ಲ ಓದಿಕೊಂಡಿದೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವುದು ರೂಢಿ ಎಂದು ಅದಕ್ಕೆ ಚೆನ್ನಾಗಿ ಗೊತ್ತು."

"ಮತ್ತೆ ಬ್ಲಾಕ್‌ಚೈನ್?"

ಗುರುಗಳು ಶಿಷ್ಯರನ್ನು ಸಾಲಾಗಿ ಕೂರಿಸಿದರು. ಒಬ್ಬೊಬ್ಬರೂ ಒಂದೊಂದು ಮಾತು ಹೇಳಬೇಕು. ಹೇಳುವ ಮೊದಲು ಹಿಂದಿನವನ ಮಾತನ್ನು ನೆನೆಯಬೇಕು. ಎಲ್ಲರ ಮಾತನ್ನೂ ಎಲ್ಲರೂ ನೆನಪಿಡಬೇಕು. ಸಾಲು ಮುಗಿದ ಮೇಲೆ ನಡುವೆ ಕೂತಿದ್ದವನ ಕಿವಿಯಲ್ಲಿ ಏನೋ ಉಸುರಿದರು. ಅವನು ತನ್ನ ಮಾತು ಬದಲಿಸಿ ಹೇಳಿದ.

"ಸುಳ್ಳು! ಸುಳ್ಳು!" ಎಂದು ಸಾಲೆಲ್ಲ ಕೂಗಿತು.

"ಇದೇ ಆ ಸರಪಳಿ," ಎಂದರು ಗುರುಗಳು. "ಒಬ್ಬ ಯಜಮಾನನಿಲ್ಲ. ಒಬ್ಬ ತಿದ್ದಿದರೆ ಉಳಿದವರು ಬಿಡುವುದಿಲ್ಲ."

ಎಲ್ಲರೂ ನಕ್ಕು ಎದ್ದುಹೋದರು. ಬಸವಂತ ಮಾತ್ರ ಕೂತೇ ಇದ್ದ. ಅಳಿಯದೆ ಉಳಿಯುವ ಜಾಗವೊಂದು ಲೋಕದಲ್ಲಿ ಇದೆ ಎಂದು ಕೇಳಿದಾಗಿನಿಂದ ಅವನ ಎದೆ ಹೊಡೆದುಕೊಳ್ಳುತ್ತಿತ್ತು.

ಅವನ ತಾಯಿ ತಂಗೆವ್ವ ಅವನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದಳು. ಫೋಟೊ ಇರಲಿಲ್ಲ. ಸೀರೆಗಳನ್ನು ಯಾರು ಯಾರೋ ಹಂಚಿಕೊಂಡಿದ್ದರು. ಉಳಿದದ್ದು ಒಂದು ಜೋಗುಳ, ಅದೂ ಮೂರು ಸಾಲು. ನಾಲ್ಕನೆಯ ಸಾಲು ಬರುವಷ್ಟರಲ್ಲಿ ಅವನಿಗೆ ದಿನವೂ ನಿದ್ದೆ ಬಂದುಬಿಡುತ್ತಿತ್ತು.

ಜಾನಪದ ಹಾಡುಗಳನ್ನು ಹಾಡಿದವರ ಹೆಸರಿನಲ್ಲೇ ಕಾಪಾಡಲು ಕೆಲವರು ಅಂಥದೊಂದು ಸರಪಳಿ ಕಟ್ಟಿದ್ದರು. ಅಲ್ಲಿ ಅವ್ವನ ಹಾಡು ಸೇರಿಸಬೇಕು ಎಂದು ಬಸವಂತ ನಿಶ್ಚಯಿಸಿದ. ಮೂರೇ ಸಾಲು ಸೇರಿಸುವುದಕ್ಕೆ ಮನಸ್ಸು ಒಪ್ಪಲಿಲ್ಲ.

ಅವನು ಯಂತ್ರವನ್ನು ಕೇಳಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ನಾಲ್ಕನೆಯ ಸಾಲು ಕೊಟ್ಟಿತು.

'ಮಲಗೋ ನನ ರಾಜಾ, ನಾಡಾಳೋ ದೊರಿಯೇ.'

ಓದಿದ. ಮತ್ತೆ ಓದಿದ. ಎದ್ದು ಗುರುಗಳಿದ್ದಲ್ಲಿಗೆ ಓಡಿದ.

ನಿರ್ವಾಣಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತು ಪಂಚೆ ಹಿಂಡುತ್ತಿದ್ದರು. ಹಾಡನ್ನು ಪೂರ್ತಿ ಕೇಳಿದರು.

"ಚೆನ್ನಾಗಿದೆ. ಕೊನೆಯ ಸಾಲು ಯಾರದು?"

"ಅವ್ವನದು, ಗುರುಗಳೇ."

"ನಿನಗೆ ಯಾರು ಹೇಳಿದರು?"

"ಯಂತ್ರ."

"ಅದು ನಿಮ್ಮ ಮನೆಗೆ ಬಂದಿತ್ತೇ?"

ಬಸವಂತನಿಗೆ ಸಿಟ್ಟು ಬಂತು. "ಅದು ಲೆಕ್ಕವಿಲ್ಲದಷ್ಟು ಜೋಗುಳ ಓದಿದೆ. ಅವ್ವ ಹೀಗೆಯೇ ಹಾಡಿರಬಹುದಲ್ಲ?"

"ಹಾಡಿರಬಹುದು." ಗುರುಗಳು ಪಂಚೆ ಕೊಡವಿದರು. "ಸರಪಳಿಯೊಳಗೆ ಹೋದದ್ದನ್ನು ತಿದ್ದಿದರೆ ಎಲ್ಲರೂ ಹಿಡಿಯುತ್ತಾರೆ. ಹೋಗುವಾಗಲೇ ಸುಳ್ಳಾಗಿದ್ದರೆ?"

"ಆಗ ಆ ಸುಳ್ಳನ್ನೇ ಕಾಯುತ್ತಾರೆ," ಎಂದ ಬಸವಂತ.

"ನಿನ್ನೂರು ಯಾವುದು?"

"ಅಗೋ, ಆಚೆ ದಂಡೆ. ಆ ಬೇವಿನ ಮರಗಳ ಹಿಂದೆ."

"ಯಾವಾಗ ಹೋಗಿದ್ದೆ?"

"ಅವ್ವ ಹೋದ ಮೇಲೆ ಸೋದರಮಾವ ಈ ದಂಡೆಗೆ ಕರಕೊಂಡು ಬಂದರು. ಆಮೇಲೆ ಹೋಗಿಲ್ಲ."

"ದಿನಾ ಕಾಣುತ್ತದಲ್ಲೋ!"

"ಕಾಣುತ್ತದೆ, ಗುರುಗಳೇ. ಅಲ್ಲಿ ಅವ್ವ ಇಲ್ಲ ಎಂಬುದೂ ಕಾಣುತ್ತದೆ."

ಗುರುಗಳು ಒದ್ದೆ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಹರಿಗೋಲಿನವನನ್ನು ಕೂಗಿದರು.

ಆಚೆ ದಂಡೆಯ ಊರಲ್ಲಿ ತಂಗೆವ್ವನ ಓರಗೆಯವರು ಇನ್ನೂ ಇದ್ದರು. ನೆರೆಮನೆಯ ಬಾಳವ್ವ ಬಸವಂತನ ಗದ್ದ ಹಿಡಿದು ಮುಖ ತಿರುಗಿಸಿ ನೋಡಿದಳು. "ಅದ ಮೂಗು. ತಂಗೆವ್ವನ ಮೂಗು," ಎಂದಳು. ತಂಗೆವ್ವನ ಜೊತೆ ಒಂದೇ ಕಲ್ಲಿನಲ್ಲಿ ಜೋಳ ಬೀಸುತ್ತಿದ್ದ ಹುಸೇನಬಿ ಸುದ್ದಿ ಕೇಳಿ ಬಂದಳು. ಅವಳ ಹಿಂದೆ ಅದೇ ಓಣಿಯ ದುರಗವ್ವ.

"ಅವ್ವನ ಜೋಗುಳ ನಿಮಗ ನೆನಪೈತೇನು?" ಎಂದು ಬಸವಂತ ಕೇಳಿದ. ಆಚೆ ದಂಡೆಯ ಮಾತು ತಾನೇ ಬಾಯಿಗೆ ಬಂದಿತ್ತು.

"ನೀ ಮೊದಲು ಅನ್ನು," ಎಂದಳು ಹುಸೇನಬಿ.

ಅವನು ಹಾಡಿದ.

'ಹೊಳಿ ಮ್ಯಾಲಿನ ಗಾಳಿ ಮೆಲ್ಲಕ ಬಾರ,
ಬೆಳದಿಂಗಳ ತಂದು ತೊಟ್ಟಿಲಿಗಿ ಕಟ್ಟ...'

"ಬೆಳದಿಂಗಳ ಅಲ್ಲ!" ಬಾಳವ್ವ ತಡೆದಳು. "ಮಲ್ಲಿಗಿ ಮೊಗ್ಗು."

"ಯಾವ ಮಲ್ಲಿಗಿ? ಬೆಳ್ಳಿ ಚುಕ್ಕಿ ಅದು," ಎಂದಳು ಹುಸೇನಬಿ.

"ಬೆಳ್ಳಿ ಚುಕ್ಕಿನ," ಎಂದಳು ದುರಗವ್ವ. "ಚುಕ್ಕಿ ಅಂದಾಗ ತಂಗೆವ್ವ ಮ್ಯಾಲ ನೋಡತಿದ್ಲು. ಮಾಡಿನಾಗ ಒಂದು ಕಿಂಡಿ ಇತ್ತು."

ಬಾಳವ್ವ ತುಸು ಹೊತ್ತು ತುಟಿಯಲ್ಲೇ ಹಾಡಿಕೊಂಡಳು. "ಹೌದು ಬಿಡು. ಮಲ್ಲಿಗಿ ನಮ್ಮ ಮನ್ಯಾಗಿನ ಹಾಡು."

ಬಸವಂತ ಬೆರಗಾಗಿ ನಿಂತ. ಇಷ್ಟು ವರ್ಷ ಎದೆಯಲ್ಲಿ ಇಟ್ಟುಕೊಂಡಿದ್ದ ಹಾಡಿನಲ್ಲೂ ಅವನದೇ ಒಂದು ಮಾತು ಸೇರಿಹೋಗಿತ್ತು.

ಮೂರನೆಯ ಸಾಲಿಗೆ ಜಗಳ ಬರಲಿಲ್ಲ. ಎಲ್ಲರೂ ಒಟ್ಟಿಗೇ ಹಾಡಿದರು.

'ಉಂಡ ಕೂಸಿಗಿ ನಿದ್ದಿ ಉಡಿತುಂಬ ತಾರ...'

ಅಲ್ಲಿಗೆ ನಿಲ್ಲಿಸಿದರು.

"ಮುಂದ?" ಎಂದ ಬಸವಂತ.

ಹೆಂಗಸರು ಮುಖ ಮುಖ ನೋಡಿಕೊಂಡರು.

"ಮುಂದಿಂದು ಹಾಡಿನಾಗ ಇಲ್ಲೋ ಯಪ್ಪಾ," ಎಂದಳು ಬಾಳವ್ವ. "ಅಲ್ಲಿ ಅವರವರ ಕೂಸಿಗಿ ಅವರವರ ಮಾತು."

"ನಮ್ಮವ್ವ ಏನಂತಿದ್ಲು?"

"ನಿನ್ನ ಕಿವ್ಯಾಗ ಬಾಯಿಟ್ಟು ಹೇಳತಿದ್ಲು. ನಮಗ ಹೆಂಗ ಕೇಳಬೇಕು?"

ಅವನು ಕಟ್ಟೆಯ ಮೇಲೆ ಕೂತ. ಆಮೇಲೆ, ಕೊನೆಯ ಆಸೆಯೆಂಬಂತೆ, ಯಂತ್ರ ಕೊಟ್ಟ ಸಾಲನ್ನು ಹೇಳಿದ.

ಹುಸೇನಬಿ ಕಣ್ಣು ಮುಚ್ಚಿ ಕೇಳಿದಳು.

"ಚಲೋ ಐತಿ," ಎಂದಳು. "ಆದರ ತಂಗೆವ್ವ ನಿನಗ ರಾಜಾ, ದೊರಿ ಅಂದಿದ್ದು ನಾ ಯಾವತ್ತೂ ಕೇಳಿಲ್ಲ. ಕಳ್ಳಾ ಅಂತಿದ್ಲು. 'ನನ್ನ ನಿದ್ದಿ ಕದ್ದು ತಾ ಮಲಗತಾನ, ಕಳ್ಳ' ಅಂತಿದ್ಲು."

"ಹೌದ, ಹೌದ! ಕಳ್ಳಾ!" ಎಂದು ಬಾಳವ್ವ ನಕ್ಕಳು.

ಬಸವಂತನೂ ನಕ್ಕ. ನಗು ನಡುವೆಯೇ ಒಡೆಯಿತು. ಹುಸೇನಬಿ ಅವನ ತಲೆಯನ್ನು ತನ್ನ ಸೆರಗಿಗೆ ಒತ್ತಿಕೊಂಡಳು. ಅವನು ಅಳುವಷ್ಟು ಹೊತ್ತೂ ಯಾರೂ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಹೊರಡುವಾಗ ದುರಗವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. "ಮೂರು ಹೊತ್ತೂ ನಿಮ್ಮ ಆಶ್ರಮದ ಗಂಟಿ ನಮಗ ಕೇಳಸತೈತಿ. ನೀ ಅಲ್ಲೇ ಇದ್ದೀ ಅಂತ ನಮಗೇನು ಗೊತ್ತು? ಬರತಿರು," ಎಂದಳು.

ಬಿಸಿಲು ಇಳಿಯುತ್ತಿತ್ತು. ಹರಿಗೋಲು ಸುತ್ತುತ್ತ ನಡುಹೊಳೆಗೆ ಬಂತು. ಬಸವಂತ ತಿರುಗಿ ಊರಿನ ಕಡೆಯೇ ನೋಡುತ್ತಿದ್ದ.

"ಗುರುಗಳೇ," ಎಂದ, "ಯಂತ್ರ ಹೇಳಿದ ಸಾಲನ್ನು ತೆಗೆದುಬಿಡುತ್ತೇನೆ."

"ಹೂಂ."

"ಬೆಳ್ಳಿ ಚುಕ್ಕಿ ಎಂದು ತಿದ್ದುತ್ತೇನೆ. ಆ ಮೂವರ ಹೆಸರನ್ನೂ ಸೇರಿಸುತ್ತೇನೆ."

"ಹೂಂ."

"ಕೊನೆಯ ಸಾಲಿನ ಜಾಗ ಮಾತ್ರ ಹಾಗೇ ಉಳಿಯುತ್ತದೆ." ಅವನ ಕಣ್ಣು ಮತ್ತೆ ತುಂಬಿತು. "ಒಮ್ಮೆ ಸರಪಳಿಗೆ ಸೇರಿದರೆ ಅದು ಎಂದೆಂದಿಗೂ ಖಾಲಿಯೇ. ಮುಂದೆ ಯಾರೋ ಹಾಡನ್ನು ಕೇಳುತ್ತಾರೆ. ಅಲ್ಲಿ ಒಬ್ಬ ತಾಯಿ ಏನೋ ಹೇಳಿದ್ದಳು ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಅಲ್ಲಿ ಏನು ಇಡಲಿ, ಗುರುಗಳೇ?"

ನಿರ್ವಾಣಯ್ಯನವರು ಕೈಯನ್ನು ನೀರಿಗೆ ಇಳಿಬಿಟ್ಟು ಕೂತಿದ್ದರು. ದಂಡೆ ಹತ್ತಿರ ಬಂದಾಗ ಹೇಳಿದರು:

"ಬಿಟ್ಟ ಜಾಗ ಬಿಟ್ಟೇ ಇರಲಿ, ಬಸವಂತ. ಕೇಳುವವರಿಗೂ ತಾಯಂದಿರಿದ್ದಾರೆ."