ಕೆಂಪು ನೂಲು ಕಪ್ಪಾದ ಸಂಜೆ

ಬಲು ಹಿಂದೆ, ನನ್ನಜ್ಜಿಯ ಅಜ್ಜಿಯೂ ಹುಟ್ಟದಿದ್ದ ಕಾಲದಲ್ಲಿ, ನೂಲಿಗೆ ಬಣ್ಣ ಹಾಕೋರ ಕೇರಿ ಒಂದಿತ್ತಂತೆ. ಅಲ್ಲಿ ಪುಟ್ಟೀರಮ್ಮ ಅಂತ ಒಬ್ಬ ಯಜಮಾನಿ. ನೀಲಿ ಬಣ್ಣಕ್ಕೆ ಬೆಲ್ಲ ಹಾಕಿ ಹುದುಗಿಸೋ ದೊಡ್ಡ ಮಡಕೆ, ಅದೇ ಬಾನಿ, ಹುದುಗು ಬಂತೋ ಇಲ್ಲವೋ ಮೂಗಲ್ಲೇ ಹೇಳೋಳು, ನೀರಿನ ಹದ ಕೈಯಲ್ಲೇ ಹೇಳೋಳು, ಬಣ್ಣಕ್ಕಂತೂ ಒಂದ್ಸಲ ಕಣ್ಣು ಹಾಯಿಸಿದ್ರೆ ಸಾಕು. ನನ್ನ ಮೂಗು, ನನ್ನ ಕೈ, ನನ್ನ ಕಣ್ಣು ಯಾವತ್ತೂ ತಪ್ಪಲ್ಲ ಅಂತ ಜಂಬವೋ ಜಂಬ. ಆ ಮನೆಗೆ ಚಿಕ್ಕತಾಯಿ ಅಂತ ಹೊಸ ಸೊಸೆ ಬಂದ್ಲಂತೆ.

ಒಂದಿನ ಪುಟ್ಟೀರಮ್ಮ ಬೆಳಗಿಂದ ಬಾನಿ ಪಕ್ಕದಲ್ಲೇ ಕೂತಿದ್ದೋಳು, ಮಧ್ಯಾಹ್ನ ಮೂಸಿ ನೋಡಿದ್ರೆ ವಾಸನೇನೇ ಇಲ್ಲ. ಬೆಲ್ಲ ಹಾಕಿಲ್ಲ ನೀನು, ಬಾನಿ ಸತ್ತೋಯ್ತು ಅಂತ ಸೊಸೆ ಮೇಲೆ ಹರಿಹಾಯ್ದ್ಲಂತೆ. ಆಗಷ್ಟೇ ಹೊರಗಿಂದ ಬಂದ ಸೊಸೆ, ಅಯ್ಯೋ ಅತ್ತೆಮ್ಮ, ವಾಸನೆಗೆ ನಂಗೆ ವಾಂತಿ ಬರೋ ಹಂಗಾಗ್ತಿದೆ ಅಂದ್ರೂ ಕೇಳಲಿಲ್ಲ. ಆಮೇಲೆ ಇನ್ನೊಂದಿನ, ಸುಡುಸುಡು ನೀರಲ್ಲಿ ನೂಲು ಹಿಂಡಿ ಹಿಂಡಿ, ಅದೇ ಕೈನ ಬೆಚ್ಚಗಿದ್ದ ಬಾನಿಗೆ ಅದ್ದಿ, ಒಲೆ ಆರಿಸಿಬಿಟ್ಟೆಯಲ್ಲೇ ಸೋಮಾರಿ, ನೀರು ತಣ್ಣಗೆ ಕೊರೀತಿದೆ ಅಂದ್ಲಂತೆ. ಒಲೆ ಉರೀತಾನೇ ಇದೆ ಅತ್ತೆಮ್ಮ ಅಂದ್ರೂ ಕೇಳಲಿಲ್ಲ. ಚಿಕ್ಕತಾಯಿ ಎರಡು ಸಲವೂ ಬೈಗುಳ ನುಂಗ್ಕೊಂಡು ಕೆಲಸಕ್ಕೆ ಹೋದ್ಲು.

ಆಮೇಲೆ ಮದುವೆ ಮನೆಯೋರು ಧಾರೆ ಸೀರೆಗೆ ಅಂತ ಕೆಂಪು ನೂಲು ಕೇಳಿದ್ರಂತೆ. ಚಿಕ್ಕತಾಯಿ ಆಸೆಪಟ್ಟು ತಾನೇ ಬಣ್ಣ ಹಾಕಿ ಒಣಗಿಸಿ ಒಳಗಿಟ್ಟಿದ್ಲು. ಮುಸ್ಸಂಜೆ ಹೊತ್ತಲ್ಲಿ ಪುಟ್ಟೀರಮ್ಮ ಒಳಗೆ ಹೋಗಿ ನೋಡ್ತಾಳೆ, ನೂಲಿನ ಲಡಿ ಲಡಿಯೂ ಕಪ್ಪು! ಪಕ್ಕದ ನೀಲಿ ನೂಲು ಮಾತ್ರ ತಿಳಿಯಾಗಿ ಕಾಣ್ತಿದೆ. ಹಂಗಾದ್ರೆ ನನ್ನ ಕಣ್ಣು ಸರಿಯಾಗೇ ಇದೆ ಅಂದ್ಕೊಂಡು, ಲಡಿ ಅಂಗಳಕ್ಕೆ ಎಸೆದು, ಮದುವೆ ಸೀರೆಗೆ ಕಪ್ಪು ನೂಲೇನೇ ಮನೆಹಾಳಿ ಅಂತ ಕೇರಿಗೆಲ್ಲ ಕೇಳೋ ಹಂಗೆ ಕೂಗಿದ್ಲಂತೆ. ಜನ ಸೇರಿದ್ರು. ಆ ಮಬ್ಬಲ್ಲಿ ಅವರಿಗೂ ಕಪ್ಪೇ ಕಂಡಿತು. ಕೆಂಪೇ ಹಾಕಿದ್ದು ಅತ್ತೆಮ್ಮ, ದೀಪ ತರ್ತೀನಿ ಇರಿ ಅಂತ ಸೊಸೆ ಅಂದ್ರೆ, ನನ್ನ ಕಣ್ಣಿಗೆ ದೀಪ ಬೇರೆ ಹಿಡೀತೀಯಾ, ನಡಿ ನಿನ್ನ ತವರಿಗೆ ಅಂದುಬಿಟ್ಲು. ಗಂಡ ಅನ್ನಿಸ್ಕೊಂಡೋನು ಅಮ್ಮನ ಮುಂದೆ ಬಾಯಿ ಬಿಡಲಿಲ್ಲ, ಗಂಡಸಂತೆ ಗಂಡಸು! ಚಿಕ್ಕತಾಯಿ ಸೆರಗಲ್ಲಿ ಕಣ್ಣೊರೆಸ್ಕೊಂಡು ಪಕ್ಕದೂರಿನ ತವರಿಗೆ ಹೋದ್ಲಂತೆ.

ಬೆಳಗ್ಗೆ ಪುಟ್ಟೀರಮ್ಮ ಆ ನೂಲನ್ನ ಹೊಳೆಗೆ ಬಿಸಾಕೋಣ ಅಂತ ಎತ್ಕೊಂಡ್ರೆ, ಬಿಸಿಲಲ್ಲಿ ಅದು ದಾಸವಾಳದ ಹಂಗೆ ಕೆಂಪಗಿತ್ತಂತೆ.

ಯಾಕೆ ಹಂಗಾಯ್ತು ಗೊತ್ತಾ ಕಂದಾ? ನಮ್ಮ ಮೈಯಲ್ಲೆಲ್ಲ ಸಣ್ಣ ಸಣ್ಣ ಕಾವಲಿನೋರು ಕೂತಿರ್ತಾರೆ. ಮೂಗಿನೋರು ಒಂದೇ ವಾಸನೆ ಮೂಸಿ ಮೂಸಿ ಬೇಜಾರಾಗಿ ಸುಮ್ಮನಾಗ್ತಾರೆ. ಚರ್ಮದೋರು ಮುಂಚೆ ಇದ್ದಿದ್ದಕ್ಕಿಂತ ಬಿಸಿಯೋ ತಣ್ಣಗೋ ಅಂತ ಹೇಳ್ತಾರೆ ಅಷ್ಟೆ. ಇನ್ನು ಕಣ್ಣೊಳಗೆ, ಬೆಳಕು ಕಪ್ಪು ಕಿಂಡಿಯಿಂದ ನುಗ್ಗಿ ಹಿಂದಿನ ಪರದೆ ಮೇಲೆ ಬೀಳುತ್ತಲ್ಲ, ಅಲ್ಲಿ ಎರಡು ಪಾಳಿಯ ಕಾವಲಿನೋರು. ಹಗಲು ಪಾಳಿಯೋರಿಗೆ ಬಣ್ಣ ಗೊತ್ತು, ಆದ್ರೆ ಬೆಳಕು ಕಮ್ಮಿಯಾದ್ರೆ ತೂಕಡಿಸ್ತಾರೆ. ಆಗ ಏಳೋ ಇರುಳು ಪಾಳಿಯೋರಿಗೆ ಬಣ್ಣವೇ ತಿಳಿಯಲ್ಲ. ನೀಲಿ ಅವರಿಗೆ ತಿಳಿಯಾಗಿ ಕಾಣುತ್ತೆ, ಕೆಂಪನ್ನ ಮಾತ್ರ ಕಪ್ಪು ಅಂತಲೇ ಮಿದುಳಿಗೆ ಹೇಳಿ ಕಳಿಸ್ತಾರೆ.

ಪುಟ್ಟೀರಮ್ಮಂಗೆ ಇದೊಂದೂ ಗೊತ್ತಿರಲಿಲ್ಲ. ಸೊಸೆ ಸುಳ್ಳು ಹೇಳಿರಲಿಲ್ಲ ಅನ್ನೋದಷ್ಟೇ ಗೊತ್ತಾಯ್ತು. ಬಾನಿ ಮಾತೂ ನಿಜ, ಒಲೆ ಮಾತೂ ನಿಜ ಅಂತ ಒಂದೊಂದೇ ನೆನಪಾಗಿ, ನಾಚಿಕೆಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತಂತೆ. ಕದ ಹಾಕ್ಕೊಂಡು ಕೂತ್ಲು, ಅನ್ನ ಸೇರಲಿಲ್ಲ. ಆಮೇಲೆ ತಲೆಗೆ ಸೆರಗು ಹೊದ್ದು ಬೀಗರ ಮನೆಗೆ ಹೋಗಿ, ಒಳಗೆ ಕಾಲಿಡೋಕೂ ಮುಖವಿಲ್ಲದೆ ಹೊಸ್ತಿಲಾಚೆಯೇ ನಿಂತ್ಲಂತೆ. ತಪ್ಪಾಯ್ತು ಕಣವ್ವ, ಜನರ ಮುಂದೆ ನಿನ್ನ ಮಾನ ಕಳೆದೆ, ಅದೇ ಜನರ ಮುಂದೆ ನಾನೇ ಕೆಟ್ಟವಳು ಅಂತ ಹೇಳ್ತೀನಿ ಬಾ ಅಂತ ಅತ್ಲು.

ಚಿಕ್ಕತಾಯಿ ತಕ್ಷಣ ಹೂಂ ಅನ್ನಲಿಲ್ಲ. ನೀವು ಕೆಟ್ಟವರು ಅನ್ನಬೇಡಿ ಅತ್ತೆಮ್ಮ, ನಿಮ್ಮ ಕಣ್ಣು ತಪ್ಪಿತು ಅಂತ ಹೇಳ್ತೀರಾ ಅಂತ ಕೇಳಿದ್ಲಂತೆ.

ಅದೇ ಕಷ್ಟದ ಮಾತಾಗಿತ್ತು ಆ ಮುದುಕಿಗೆ. ಆದ್ರೂ ಕೇರಿ ನಡುವೆ ನಿಂತು, ಕಿವಿ ಕೆಂಪಗಾಗಿ, ನನ್ನ ಕಣ್ಣು ತಪ್ಪಿತು ಅಂತ ಹೇಳಿದ್ಲು. ಸೊಸೆ ಮನೆಗೆ ಬಂದ್ಲು, ಆ ನೂಲಿನ ಸೀರೆ ಉಟ್ಟೇ ಮದುವೆ ಹುಡುಗಿ ಧಾರೆಗೆ ನಿಂತ್ಲು. ಆಮೇಲೆ ಸಂಜೆ ಹೊತ್ತು ಯಾರಾದ್ರೂ ಇದ್ಯಾವ ಬಣ್ಣ ಅಂತ ಕೇಳಿದ್ರೆ ಪುಟ್ಟೀರಮ್ಮ ತಲೆ ತಗ್ಗಿಸಿ, ಚಿಕ್ಕತಾಯೀ, ದೀಪ ತಾರವ್ವ ಅಂತಿದ್ಲಂತೆ.

ಕತೆ ಅಲ್ಲಿಗೆ ತೀರ್ತು, ಕಣ್ಮುಚ್ಚು ಕಂದಾ.